ಡಾಕ್ಟರಿಗೆ ಹೇಳದ ಕಷಾಯ

ಡಾಕ್ಟರರನ್ನು ಕೇಳು ಎಂದು ದೊಡ್ಡಮ್ಮ ಹೇಳಿದ್ದನ್ನು ನಾನು ಕೇಳಲಿಲ್ಲ. ಕೇಳಿದೆ ಎಂದು ಅವಳಿಗೆ ಹೇಳಿದೆ. ಅವರು ಕೊಡದ ಉತ್ತರವನ್ನೂ ನಾನೇ ಕೊಟ್ಟೆ. ನಾನು ಮಾಡಿದ್ದು ಇಷ್ಟೇ. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು.

ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ, ಪದ್ಮಾವತಿ. ಅವರಿಗೆ ಮಕ್ಕಳಿರಲಿಲ್ಲ. ವಯನಾಡಿನ ಪನಮರಂ ಹತ್ತಿರ ನಮ್ಮದೂ ಅವರದೂ ಒಂದೇ ಅಂಗಳದ ಎರಡು ಮನೆ. ನಾನು ಯಾವ ಮನೆಯಲ್ಲಿ ಉಂಡೆ ಎಂದು ಚಿಕ್ಕಂದಿನಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ. ನಾವು ಜೈನರು, ಊರವರ ಬಾಯಲ್ಲಿ ಗೌಡರು. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ಬಂದು ಇಲ್ಲಿ ಗದ್ದೆ, ಕಾಫಿ, ಮೆಣಸು ಮಾಡಿಕೊಂಡವರು. ಶಾಲೆಗೆ, ಕಚೇರಿಗೆ ಮಲಯಾಳಂ, ಅಂಗಳದೊಳಗೆ ಕನ್ನಡ.

ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದ ವರ್ಷ ದೊಡ್ಡಮ್ಮನಿಗೆ ಎಡ ಪಕ್ಕೆಯ ಕೆಳಗೆ ಏನೋ ಗಟ್ಟಿ ಸಿಕ್ಕತೊಡಗಿತು. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿತು ಎನ್ನುತ್ತಿದ್ದಳು. ವಯನಾಡು ಆಗತಾನೇ ಬೇರೆ ಜಿಲ್ಲೆಯಾಗಿತ್ತು. ಕಲ್ಪೆಟ್ಟದಲ್ಲಿ ಕಚೇರಿಗಳ ಮೇಲೆ ಹೊಸ ಬೋರ್ಡುಗಳ ಬಣ್ಣ ಇನ್ನೂ ಒಣಗಿರಲಿಲ್ಲ; ಆದರೆ ದೊಡ್ಡ ಕಾಯಿಲೆಗೆ ಮೊದಲಿನ ಹಾಗೆ ಘಟ್ಟ ಇಳಿಯಲೇಬೇಕು. ಇಳಿದೆವು. ಅಲ್ಲಿನ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ನಿಧಾನವಾಗಿ ಬೆಳೆಯುವ ಬಗೆಯದು, ಮಾತ್ರೆಯಿಂದ ಹಿಡಿತದಲ್ಲಿಡಬಹುದು, ಕೆಲವರು ವರ್ಷಗಟ್ಟಲೆ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿರುತ್ತಾರೆ — ಹಾಗೆಂದರು. ದಿನವೂ ಬೆಳಿಗ್ಗೆ ಮಾತ್ರೆ, ಆಗಾಗ ಬಂದು ರಕ್ತ ತೋರಿಸುವುದು.

ಮಾತ್ರೆ ಕೆಲಸ ಮಾಡಿತು. ಪಕ್ಕೆಯ ಗಟ್ಟಿ ಕರಗಿತು. ದೊಡ್ಡಮ್ಮ ಮತ್ತೆ ಅಂಗಳದಲ್ಲಿ ಮೆಣಸು ಹರವಿದಳು. ಮೈಬಣ್ಣ ಮಾತ್ರ ಕಪ್ಪಾಗತೊಡಗಿತು. ಅದು ಮಾತ್ರೆಯ ಗುಣ ಎಂದು ಮೊದಲೇ ಹೇಳಿದ್ದರು.

"ನಿಮ್ಮ ದೊಡ್ಡಪ್ಪ ಬೆಳ್ಳಗಿನ ಹೆಣ್ಣೇ ಬೇಕು ಅಂತ ಹಟ ಹಿಡಿದು ನನ್ನ ತಂದರು. ಈಗೇನು ಮಾಡ್ತಾರೆ ಕೇಳು," ಎಂದಳು ಒಂದು ದಿನ.

ದೊಡ್ಡಪ್ಪ ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಅವಳ ಪಾದಕ್ಕೆ ತಿಕ್ಕುತ್ತಿದ್ದರು. ತಲೆ ಎತ್ತಲಿಲ್ಲ. "ವಾಪಸ್ ಬಿಟ್ಟು ಬರೋಣ ಅಂದ್ರೆ ನಿಮ್ಮಪ್ಪನೂ ಇಲ್ಲ," ಎಂದರು.

ಈ ಎಣ್ಣೆ ತಿಕ್ಕುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮಾತ್ರೆ ಕೊಡುವುದು ಡಾಕ್ಟರ ಕೆಲಸ, ತಾನೂ ಏನಾದರೂ ಕೊಡಬೇಕು — ಅಷ್ಟೇ ಅವರ ಆಸೆ ಎಂದು ಈಗ ಅನ್ನಿಸುತ್ತದೆ. ಎಣ್ಣೆ ಸಾಲಲಿಲ್ಲ. ಪೆರಿಕಲ್ಲೂರಿಗೆ ಹೋಗಿ, ದೋಣಿಯಲ್ಲಿ ಕಬಿನಿ ದಾಟಿ, ಆಚೆ ದಡದ ಒಬ್ಬ ವೈದ್ಯರಿಂದ ಕಷಾಯದ ಸಾಮಾನು ಕಟ್ಟಿಸಿಕೊಂಡು ಬಂದರು. ತೊಗಟೆ, ಒಣಬೇರು, ಯಾವುದೋ ಎಲೆ. ಜೇನಿನಲ್ಲಿ ಕೊಡಿ ಎಂದಿದ್ದರಂತೆ ವೈದ್ಯರು; ಜೇನು ನಮಗೆ ನಿಷಿದ್ಧ, ಬೆಲ್ಲವಾಯಿತು. ಇನ್ನೊಂದು ಮಾತು ಹೇಳಿದ್ದರು: ಇಂಗ್ಲಿಷ್ ಮಾತ್ರೆ ಬೆಳಿಗ್ಗೆಯಾದರೆ ಇದು ರಾತ್ರಿ ಮಲಗುವಾಗ, ಎರಡನ್ನೂ ಹತ್ತಿರ ತರಬೇಡಿ.

ತೊಡಕು ಅಲ್ಲಿತ್ತು. ಹೊತ್ತು ಮುಳುಗಿದ ಮೇಲೆ ದೊಡ್ಡಮ್ಮ ಬಾಯಿಗೆ ನೀರನ್ನೂ ಹಾಕಿದವಳಲ್ಲ. ಅಷ್ಟಮಿ, ಚತುರ್ದಶಿಗೆ ಒಪ್ಪೊತ್ತು ಬೇರೆ — ದಿನಕ್ಕೆ ಒಂದೇ ಸಲ ಕುಳಿತು ಉಣ್ಣುವುದು, ಎದ್ದರೆ ಮುಗಿಯಿತು. ಕಾಯಿಲೆಯವರಿಗೆ ವಿನಾಯಿತಿ ಇದೆ ಎಂದು ನನ್ನ ಅಪ್ಪ ವಾದಿಸಿದರು. "ಇಷ್ಟು ವರ್ಷ ಇಟ್ಟುಕೊಂಡಿದ್ದನ್ನ ಜೀವದ ಆಸೆಗೆ ಬಿಟ್ಟೆ ಅಂತಾಗಬೇಕಾ?" ಎಂದಳು, ಅಷ್ಟೇ. ಅವಳು ಜೋರು ಮಾತಿನವಳಲ್ಲ, ಅದಕ್ಕೇ ಅವಳ ಜೊತೆ ವಾದ ಸಾಧ್ಯವಿರಲಿಲ್ಲ.

ಹಾಗಾಗಿ ಮುಂದಿನ ಸಲ ಘಟ್ಟ ಇಳಿಯುವ ಬಸ್ಸಿನಲ್ಲಿ ನನಗೆ ಬಾಯಿಪಾಠ ಮಾಡಿಸುವ ಹಾಗೆ ಹೇಳಿಕೊಟ್ಟಳು. "ನಮಗೆ ರಾತ್ರಿ ಆಗೋಲ್ಲ ಅನ್ನು. ಕಷಾಯನ ಬೆಳಿಗ್ಗೆ ಮಾತ್ರೆ ಜೊತೆಗೇ ತಗೊಂಡರೆ ತೊಂದರೆಯಾ, ಕೇಳು. ಬೇಡ ಅಂದರೆ ಬೇಡ. ನಿಮ್ಮ ದೊಡ್ಡಪ್ಪಂಗೆ ನಾನು ಹೇಳ್ಕೋತೀನಿ."

ಬೇಡ ಎಂದರೆ ಬೇಡ. ಅವಳು ಅಷ್ಟು ಸಿದ್ಧವಾಗಿ ಬಂದಿದ್ದಳು.

ಡಾಕ್ಟರು ಉತ್ತರದ ಕಡೆಯವರು. ಮಲಯಾಳಂ ಬಾರದು. ನರ್ಸ್ ನಡುವೆ ನಿಂತು ಹೇಳುತ್ತಿದ್ದರು. ಇಂಗ್ಲಿಷ್ ಬಲ್ಲವರು ಜೊತೆಗಿದ್ದರೆ ಅವರ ಮೂಲಕ. ಆ ದಿನ ಅವರ ಸುತ್ತ ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರು ನಿಂತಿದ್ದರು, ನನ್ನ ವಯಸ್ಸಿನವರೇ. ನಾನು ಏನು ಓದಿದ್ದೇನೆ ಎಂದು ಡಾಕ್ಟರು ಕೇಳಿದರು. ಹೇಳಿದೆ. ಹಾಗಾದರೆ ನಿಮಗೆ ಬಿಡಿಸಿ ಹೇಳುವ ಅಗತ್ಯವಿಲ್ಲ, ಎಂದು ನಕ್ಕರು. ಆಮೇಲೆ ಕೇಳಿದರು — ಬೇರೆ ಔಷಧಿ ಏನಾದರೂ ನಡೆದಿದೆಯೇ, ಸೊಪ್ಪು, ಬೇರು, ಕಷಾಯ?

ದೊಡ್ಡಮ್ಮ ನನ್ನ ಸೆರಗು ಜಗ್ಗಿದಳು. "ಕಷಾಯದ್ದು ಕೇಳು ಮಗಾ."

ದೊಡ್ಡಮ್ಮನಿಗೆ ತಿಳಿಯದ ಇಂಗ್ಲಿಷಿನಲ್ಲಿ ನಾನು "ಇಲ್ಲ" ಎಂದೆ.

ಯಾಕೆ ಎಂದು ನನ್ನನ್ನೇ ಎಷ್ಟೋ ಸಲ — ಹೆದರಿಕೆ ಎನ್ನಲಾರೆ. ಅವರು ಗದರುವವರಾಗಿರಲಿಲ್ಲ. ಬಿಡಿಸಿ ಹೇಳುವ ಅಗತ್ಯವಿಲ್ಲ ಎಂದರಲ್ಲ, ಆ ಮಾತು ಇನ್ನೂ ಕಿವಿಯಲ್ಲಿತ್ತು. ಅದರ ಹಿಂದೆಯೇ, ಆ ಹುಡುಗ ಹುಡುಗಿಯರ ಮುಂದೆ, ಹೊಳೆಯಾಚೆಯ ವೈದ್ಯ, ಬೆಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿ ಮುಚ್ಚುವ ನನ್ನ ದೊಡ್ಡಮ್ಮ — ಇದನ್ನೆಲ್ಲ ಇಂಗ್ಲಿಷಿಗೆ ತರಲು ನನಗೆ ನಾಚಿಕೆಯಾಯಿತು. ಅವಳ ಬಗ್ಗೆ ನಾಚಿಕೆ. ಇದನ್ನು ಬರೆದ ಮೇಲೆ ಬೇರೆ ಕಾರಣ ಹುಡುಕುವುದು ಸುಳ್ಳಾಗುತ್ತದೆ.

ಹೊರಗೆ ಬಂದ ಕೂಡಲೇ ಕೇಳಿದಳು. "ಏನಂದರು?"

"ಕುಡೀಬಹುದಂತೆ."

"ಮಾತ್ರೆ ಜೊತೆಗೇ?"

"ಜೊತೆಗೇ."

"ಬೈತಾರೇನೋ ಅಂದುಕೊಂಡಿದ್ದೆ. ಒಳ್ಳೆ ಮನುಷ್ಯ ಪಾಪ," ಎಂದು ಅವಳು ಕೈಚೀಲದಿಂದ ಬಾಳೆಹಣ್ಣು ತೆಗೆದು ನನಗೆ ಅರ್ಧ ಮುರಿದುಕೊಟ್ಟಳು.

ಅಂದಿನಿಂದ ಅವಳು ಮಾತ್ರೆಯನ್ನು ನೀರಿನಲ್ಲಿ ನುಂಗಲಿಲ್ಲ. ಕಷಾಯದಲ್ಲೇ ನುಂಗಿದಳು. ಒಪ್ಪೊತ್ತಿನ ದಿನ ಊಟ, ಮಾತ್ರೆ, ಕಷಾಯ ಎಲ್ಲವೂ ಒಂದೇ ಸಲಕ್ಕೆ. ದೊಡ್ಡಪ್ಪ ಬೆಳಗ್ಗೆ ಒಲೆಯ ಮುಂದೆ ಕುಳಿತು ಅದನ್ನು ಕುದಿಸಿ ಇಂಗಿಸುತ್ತಿದ್ದರು. ಅಂಗಳದಲ್ಲೆಲ್ಲ ಕಹಿ ವಾಸನೆ. ಲೋಟದ ಬಿಸಿ ತಾನೇ ಮುಟ್ಟಿ ನೋಡಿ ಕೊಡುತ್ತಿದ್ದರು. ನಾನು ನನ್ನ ಮನೆಯ ಜಗಲಿಯಲ್ಲಿ ಪತ್ರಿಕೆ ಹಿಡಿದು ಕುಳಿತು ನೋಡುತ್ತಿದ್ದೆ. ಎದ್ದು ಹೋಗಿ ಒಂದು ಮಾತು — ಆದರೆ ಹೇಳಬೇಕಾಗಿದ್ದು ಒಂದು ಮಾತಾಗಿ ಉಳಿದಿರಲಿಲ್ಲ.

ಸರಿಪಡಿಸುವ ಅವಕಾಶ ಬರಲಿಲ್ಲ ಎನ್ನುವ ಹಾಗೂ ಇಲ್ಲ. ಅದರ ಮುಂದಿನ ಸಲ ಹೋದಾಗ ನಮಗಿಂತ ಮುಂಚೆ ತೋಲ್ಪೆಟ್ಟಿ ಕಡೆಯ ಒಬ್ಬರಿದ್ದರು. ಬಾಗಿಲು ತೆರೆದೇ ಇತ್ತು. ಮನೆಯಲ್ಲಿ ನಾಟಿ ಮದ್ದು ಕೊಡುತ್ತಿದ್ದೇವೆ ಎಂದು ಅವರು ಮಲಯಾಳದಲ್ಲಿ ಹೇಳಿದ್ದು, ನರ್ಸ್ ಅದನ್ನು ದಾಟಿಸಿದ್ದು, ಡಾಕ್ಟರು ಸಿಡುಕದೆ ಏನೇನು ಎಂದು ಕೇಳಿದ್ದು ಎಲ್ಲ ನಮಗೆ ಕೇಳಿಸಿತು. ಮೈಗೆ ಹಚ್ಚುವುದು ಇರಲಿ, ಗಂಜಿ ಇರಲಿ, ಪೂಜೆ ಇರಲಿ. ಮಾತ್ರೆ ನಡೆಯುವಷ್ಟು ದಿನ ಹೊಟ್ಟೆಗೆ ಕುಡಿಯುವುದು ಬೇಡ, ಎಂದು ನರ್ಸ್ ಮಲಯಾಳದಲ್ಲಿ ಹೇಳಿದರು. ಮಲಯಾಳಂ ದೊಡ್ಡಮ್ಮನಿಗೆ ನನ್ನಷ್ಟೇ ಚೆನ್ನಾಗಿ ಬರುತ್ತಿತ್ತು.

"ಅವರಿಗೆ ಬೇಡ ಅಂದರಲ್ಲ," ಎಂದಳು ಮೆಲ್ಲಗೆ. "ನಮಗೆ ಆಗಬಹುದು ಅಂದಿದ್ದರಲ್ಲ?"

"ಅವರ ಕಾಯಿಲೆ ಬೇರೆ, ದೊಡ್ಡಮ್ಮ."

"ಹೌದಾ," ಎಂದಳು. ನನ್ನ ಮುಖ ನೋಡಲಿಲ್ಲ. ನೋಡಬೇಕು ಎಂದು ಅವಳಿಗೆ ತೋಚಲೂ ಇಲ್ಲ. ಓದಿದ ಮಗಳು ಹೇಳಿದ್ದಳಲ್ಲ.

ಮೊದಲನೆಯದನ್ನು ಅರೆಗಳಿಗೆಯ ದುರ್ಬಲತೆ ಎನ್ನಬಹುದೇನೋ. ಇದನ್ನು ನಾನು ಗೊತ್ತಿದ್ದೇ ಹೇಳಿದೆ.

ಮಳೆ ನಿಂತ ಮೇಲೆ ಅವಳ ಕಣ್ಣು ಹಳದಿಯಾಯಿತು. ಡಾಕ್ಟರು ಮಾತ್ರೆಯಿಂದಲೇ ಇರಬೇಕು ಎಂದರು. ಬೇರೇನೂ ಇಲ್ಲವಲ್ಲ ಎಂದು ಮತ್ತೆ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ, ಈ ಸಲ ಬಾಯಿಂದ ಹೇಳುವ ಧೈರ್ಯವೂ ಇರಲಿಲ್ಲ. ಮಾತ್ರೆ ನಿಲ್ಲಿಸಿದರು. ಡಾಕ್ಟರ ಮಾತ್ರೆಯೇ ನಿಂತ ಮೇಲೆ ದೊಡ್ಡಪ್ಪನಿಗೆ ಉಳಿದದ್ದು ಕಷಾಯ ಒಂದೇ. ಇನ್ನಷ್ಟು ಶ್ರದ್ಧೆಯಿಂದ ಕುದಿಸಿದರು. ಪಕ್ಕೆಯ ಗಟ್ಟಿ ಮತ್ತೆ ಬಂತು, ಜ್ವರ ಬಂತು. ಮತ್ತೆ ಮಾತ್ರೆ ಶುರುಮಾಡುವ ಹೊತ್ತಿಗೆ ಕಾಯಿಲೆ ಹಿಡಿತಕ್ಕೆ ಸಿಗಲಿಲ್ಲ. ಕಾಫಿ ಹೂಬಿಡುವ ಮುಂಚೆ ದೊಡ್ಡಮ್ಮ ಹೋದಳು. ಕೊನೆಯ ದಿನಗಳಲ್ಲಿ ದೊಡ್ಡಪ್ಪ ಪಾದ ತಿಕ್ಕುತ್ತ ಣಮೋಕಾರ ಮಂತ್ರ ಹೇಳುತ್ತಿದ್ದರು. ಅವರು ನಿಲ್ಲಿಸಿದರೆ ಅವಳು ಕಾಲ ಬೆರಳು ಅಲ್ಲಾಡಿಸಿ ಮುಂದುವರಿಸಿ ಎನ್ನುತ್ತಿದ್ದಳು.

ಕಷಾಯವೇ ಕಾರಣವೋ ನನಗೆ ತಿಳಿಯದು. ಆ ಕಾಯಿಲೆ ಆ ಕಾಲದಲ್ಲಿ ಎಂದಾದರೂ ತಿರುಗಿಬೀಳುವಂಥದ್ದೇ ಆಗಿತ್ತು. ಈ ಎರಡು ವಾಕ್ಯ ನಿಜ. ಇವುಗಳ ಹಿಂದೆ ನಾನು ವರ್ಷಗಟ್ಟಲೆ ಅವಿತುಕೊಂಡಿದ್ದೂ ನಿಜ.

ಅವಿತುಕೊಳ್ಳಲು ಇನ್ನೊಂದು ಜಾಗವೂ ಇತ್ತು — ದೊಡ್ಡಪ್ಪ. ಅವಳು ಹೋದ ಮೇಲೆ ಯಾರು ಮಾತನಾಡಿಸಲು ಬಂದರೂ ಅವರು ಒಂದು ಮಾತು ಹೇಳುತ್ತಿದ್ದರು: "ಕೇಳದೆ ಏನೂ ಕೊಡಲಿಲ್ಲ. ಡಾಕ್ಟರನ್ನ ಕೇಳಿಯೇ ಕೊಟ್ಟೆ." ತನ್ನ ಕೈಯಾರೆ ಕುದಿಸಿ ಕೊಟ್ಟ ಮನುಷ್ಯನಿಗೆ ಅದೊಂದೇ ಆಸರೆ. ಅದನ್ನು ನಾನು ಹೇಗೆ ಕಿತ್ತುಕೊಳ್ಳಲಿ ಎಂದುಕೊಂಡೆ. ನನ್ನ ಮೌನಕ್ಕೆ ಕರುಣೆ ಎಂದು ಹೆಸರಿಟ್ಟೆ. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ದಿನಾ ಸಂಜೆ ಹೊತ್ತು ಮುಳುಗುವ ಮುಂಚೆ ಅವರಿಗೆ ಊಟ ಬಡಿಸಿದೆ. ಅವರು ನನ್ನನ್ನು ಮೋಳೇ ಎಂದು ಮಲಯಾಳದಲ್ಲಿ ಕರೆಯುತ್ತಿದ್ದರು, ಮಗಳೇ ಎಂದು.

ಈಚೆಗೆ ಒಂದು ಭಾನುವಾರ ಪೆರಿಕಲ್ಲೂರಿನಿಂದ ರತ್ನ ಎಂಬ ಹೆಂಗಸು ಬಂದಳು. ಹೊಳೆ ದಡದಲ್ಲಿ ಅವರ ಹೊಲ. ದೋಣಿಗೆ ಹೋಗುವಾಗೆಲ್ಲ ದೊಡ್ಡಪ್ಪ ಅವರ ಮನೆಯಲ್ಲಿ ನೀರು ಕುಡಿದವರು. ಅವಳ ಗಂಡನಿಗೆ ಅದೇ ಕಾಯಿಲೆ. ಅದೇ ಆಸ್ಪತ್ರೆ, ಬೇರೆ ಡಾಕ್ಟರು, ಮಾತ್ರೆ ಶುರುವಾಗಿದೆ.

"ಕಷಾಯನೂ ಕೊಡಬಹುದಾ ಗೌಡ್ರೇ? ಅಮ್ಮಂಗೆ ಕೊಟ್ಟಿದ್ರಲ್ಲ."

"ಧಾರಾಳ ಕೊಡು. ಜೊತೆಗೇ ಕೊಡಬಹುದು ಅಂತ ಡಾಕ್ಟರೇ ಅಂದಿದ್ದರು. ಇವಳೇ ಕೇಳಿದ್ದಳು," ಎಂದು ನನ್ನ ಕಡೆ ಕೈ ತೋರಿಸಿದರು. "ನಮ್ಮವಳಿಗೆ ಹಿಡಿಸಲಿಲ್ಲ, ನಿನ್ನ ಗಂಡಂಗೆ ಹಿಡಿಸಬಹುದು. ವೈದ್ಯರ ಮಗ ಇದ್ದಾನೆ, ನಾನೇ ತಂದುಕೊಡ್ತೀನಿ."

ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಉತ್ಸಾಹ ಕಂಡಿತು. ನನ್ನ ಕೈಯಲ್ಲಿ ರತ್ನಳಿಗೆ ತಂದ ಚಹಾ ಇತ್ತು. ಅದನ್ನು ಕೆಳಗಿಟ್ಟೆ.

"ನಾನು ಕೇಳಿರಲಿಲ್ಲ, ದೊಡ್ಡಪ್ಪ."

ಅವರಿಗೆ ಅರ್ಥವಾಗಲಿಲ್ಲ. ನಾನು ಮೊದಲಿನಿಂದ ಹೇಳಿದೆ — ಬಸ್ಸು, ಸೆರಗು, ನನ್ನ "ಇಲ್ಲ", ತೋಲ್ಪೆಟ್ಟಿಯವರು, ಎರಡನೇ ಸುಳ್ಳು. ಏನನ್ನೂ ಬಿಡದೆ, ಏನನ್ನೂ ಮೆದುಮಾಡದೆ ಹೇಳಬೇಕು ಎಂದು ನನಗೆ ಹೇಗೋ ಗೊತ್ತಿತ್ತು. ರತ್ನ ಒಮ್ಮೆ ಎದ್ದು ಹೋಗಲು ನೋಡಿದಳು; ಕುಳಿತಿರು ಎಂದೆ. ಇದು ಅವಳಿಗೂ ಬೇಕಾದದ್ದು.

ದೊಡ್ಡಪ್ಪ ತಮ್ಮ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ಕೇಳಿದರು, "ಬೇಡ ಅಂದರೆ ನನಗೆ ಹೇಳ್ಕೋತೀನಿ ಅಂದಿದ್ದಳಾ ಅವಳು?"

"ಹೂಂ."

"ನಾನು ಬೇಜಾರಾಗ್ತೀನಿ ಅಂತ ಅವಳು ಕುಡೀತಾ ಇದ್ದಾಳೆ ಅಂದ್ಕೊಂಡಿದ್ದೆ. ಒಂದು ಸಲ ಕೇಳಿದ್ದೆ ಕೂಡ. ಇಲ್ಲ, ಡಾಕ್ಟರು ಹೇಳಿದಾರೆ ಅದಕ್ಕೆ, ಅಂದಳು."

ಆ ಸಂಜೆ ಊಟಕ್ಕೆ ಕರೆದರೆ ಬರಲಿಲ್ಲ. ತಾವೇ ಗಂಜಿ ಮಾಡಿಕೊಂಡರು. ಮರುದಿನವೂ ಹಾಗೇ.

ರತ್ನ ಗಂಡನನ್ನು ಕರೆದುಕೊಂಡು ಘಟ್ಟ ಇಳಿಯುವ ದಿನ ನಾನೂ ಹೊರಟೆ. ನನಗೆ ಜಾಗ ಗೊತ್ತು, ಕ್ರಮ ಗೊತ್ತು, ನೆರವಾಗಬಹುದು ಎಂದಿದ್ದೆ. ಬಸ್ಸಿನಲ್ಲಿ ಅವಳ ಮಡಿಲಲ್ಲಿ ಹಳೆ ಬಟ್ಟೆಯ ಒಂದು ಗಂಟಿತ್ತು. ನಾನು ನೋಡಿದ್ದನ್ನು ನೋಡಿ ಅವಳು ಮುಜುಗರಪಟ್ಟಳು.

"ಗೌಡ್ರು ಹೊಳೆ ದಾಟಿ ತಂದುಕೊಟ್ಟರು, ಟೀಚರೇ. ಕುದಿಸಬೇಡ, ಮೊದಲು ಡಾಕ್ಟರಿಗೆ ತೋರಿಸು ಅಂದರು." ಗಂಟನ್ನು ಮಡಿಲಿಗೆ ಒತ್ತಿಕೊಂಡಳು. "ಇನ್ನೊಂದು ಮಾತು ಹೇಳಿದರು. ನಾನು ಹೇಳಬಾರದೇನೋ."

"ಹೇಳು."

"ಅವಳ ಬಾಯಲ್ಲಿ ಕೇಳಿಸಬೇಡ, ನೀನೇ ಕೇಳು ಅಂದರು."

ಸರಿಯಾಗಿಯೇ ಹೇಳಿದ್ದಾರೆ, ಹಾಗೇ ಮಾಡು ಎಂದೆ.

ಅವರ ಸರದಿ ಬಂದಾಗ ಗಂಡ ಹೆಂಡತಿ ಒಳಗೆ ಹೋದರು. ನಾನು ತೆರೆದ ಬಾಗಿಲ ಹೊರಗೆ ನಿಂತೆ. ರತ್ನ ತನ್ನ ಹೊಳೆದಡದ ಮಲಯಾಳದಲ್ಲಿ, ನಡುನಡುವೆ ಕನ್ನಡ ಬೆರೆಸಿ, ಗಂಟು ಬಿಚ್ಚಿ ಒಂದೊಂದನ್ನೇ ಎತ್ತಿ ತೋರಿಸುತ್ತಿದ್ದಳು. ಡಾಕ್ಟರು ಒಂದು ತೊಗಟೆಯನ್ನು ಮೂಸಿ ನೋಡಿ ಏನೋ ಕೇಳಿದರು. ಅವಳು ಗೊತ್ತಿಲ್ಲ ಎಂದಳು. ಇನ್ನೇನೋ ಕೇಳಿದರು. ಅವಳು ನಕ್ಕಳು, ಅವರೂ ನಕ್ಕರು. ಅವಳು ಗಂಟನ್ನು ಮತ್ತೆ ಕಟ್ಟಿಕೊಂಡು ಹೊರಗೆ ಬಂದಾಗ ಮುಂದಿನವರ ಹೆಸರು ಇನ್ನೂ ಕೂಗಿರಲಿಲ್ಲ. ಅಂದು ನನಗೂ ಅಷ್ಟೇ ಹೊತ್ತು ಸಾಕಾಗುತ್ತಿತ್ತು.