ಹೊಗಳಿಕೆ ಓದಿದವಳು

ಇತಿಹಾಸ ಓದಿ ಶೇರುಪೇಟೆ ಸೇರಿದವಳನ್ನು ಕಂಡರೆ ಜನ ಮೊದಲು ನಗುತ್ತಾರೆ, ಆಮೇಲೆ ಯಾವ ಶೇರು ಕೊಳ್ಳಲಿ ಎಂದು ಮೆತ್ತಗೆ ಕೇಳುತ್ತಾರೆ. ಇವಳ ಭಾವ ಮೊದಲನೆಯದನ್ನು ಹೊಟ್ಟೆ ತುಂಬ ಮಾಡಿದ. ಎರಡನೆಯದನ್ನು ಒಂದೇ ಸಲ ಮಾಡಿದ, ಅದೂ ಹೊತ್ತಲ್ಲದ ಹೊತ್ತಿನಲ್ಲಿ.

ಅಕ್ಕನ ಸೆರಗು ಹಿಡಿದು ಆ ಮನೆಗೆ ಬಂದಾಗ ಅವಳಿನ್ನೂ ಚಿಕ್ಕವಳು. ಊಟ, ಬಟ್ಟೆ, ಕಾಲೇಜು ಫೀಸು ಎಲ್ಲ ಭಾವನದೇ. ಕೊಟ್ಟದ್ದನ್ನು ಅವನು ಎಂದೂ ವಾಪಸು ಕೇಳಲಿಲ್ಲ. ಬದಲಿಗೆ ದಿನಾ ನೆನಪಿಸಿದ.

"ಇವಳು ಸತ್ತ ರಾಜರ ಮೇಲೆ ಎಂ.ಎ. ಮಾಡಿದಾಳೆ, ಬದುಕಿರೋ ನಾನು ಫೀಸು ಕಟ್ಟಿದೀನಿ" ಎಂದು ಬಂದ ನೆಂಟರಿಗೆಲ್ಲ ಹೇಳುತ್ತಿದ್ದ. ನೆಂಟರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಸಾಕಿದವನ ಹಾಸ್ಯಕ್ಕೆ ನಗದೆ ಕೂರಲು ಎದೆಗಾರಿಕೆ ಬೇಕು, ಅದು ಅವಳಿಗಿನ್ನೂ ಬಂದಿರಲಿಲ್ಲ.

ಅವಳು ಸಂಶೋಧನೆ ಮಾಡಿದ್ದು ಹಳೆಯ ಶಾಸನಗಳಲ್ಲಿ ಬರುವ ರಾಜರ ಹೊಗಳಿಕೆಯ ಮೇಲೆ. ಕಣ್ಣು ಕೆಡಿಸಿಕೊಂಡು ಓದಿ ಕಂಡುಕೊಂಡದ್ದು ಇಷ್ಟೇ: ಬೊಕ್ಕಸ ತುಂಬಿದ ರಾಜನ ಹೊಗಳಿಕೆ ಚಿಕ್ಕದು, ಕೋಟೆ ಕಳೆದುಕೊಂಡವನದಕ್ಕೆ ಬಂಡೆಯ ಎರಡು ಮಗ್ಗುಲೂ ಸಾಲದು. ಅದರಲ್ಲೂ ಕೆಟ್ಟ ಕಾಲ ಬಂತೆಂದರೆ ರಾಜ ಇದ್ದಕ್ಕಿದ್ದಂತೆ ತನ್ನ ಸಿಪಾಯಿ, ಕಮ್ಮಾರ, ಕುದುರೆಯವನನ್ನೆಲ್ಲ ಹೆಸರು ಹಿಡಿದು ನೆನೆಯತೊಡಗುತ್ತಾನೆ. ಆ ಪ್ರಬಂಧವನ್ನು ಮಾರ್ಗದರ್ಶಕರೊಬ್ಬರೇ ಓದಿದರು. ಅವರೂ ಪೂರ್ತಿ ಓದಿದ್ದು ಅನುಮಾನ. ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿ ಸವೆದಳು. ಆಮೇಲೆ ಕಾಲೇಜಿನವರು ಇತಿಹಾಸ ವಿಭಾಗವನ್ನೇ ಮುಚ್ಚಿ ಆ ಕೋಣೆಯಲ್ಲಿ ಜೆರಾಕ್ಸ್ ಯಂತ್ರ ಇಟ್ಟರು.

ಹೊಟ್ಟೆಪಾಡಿಗೆ ಒಬ್ಬ ಶೇರು ದಲ್ಲಾಳಿಯ ಕಚೇರಿ ಸೇರಿದಳು. ಗಿರಾಕಿಗಳು ಫೋನಿನಲ್ಲಿ ಹೇಳಿದ್ದನ್ನು ಕಂಪ್ಯೂಟರಿಗೆ ಹಾಕುವ ಕೆಲಸ. ಯಾವ ಶೇರು, ಎಷ್ಟು, ಯಾವ ಬೆಲೆ ಎಂದು ತಿರುಗಿ ಹೇಳಬೇಕು, "ಸರೀನಾ?" ಅನ್ನಬೇಕು, ಅವರು ಹೂಂ ಅಂದಮೇಲೆ ಗುಂಡಿ ಒತ್ತಬೇಕು. ಮಾತೆಲ್ಲ ರೆಕಾರ್ಡ್ ಆಗುವುದರಿಂದ ತಗೊಳ್ಳಿ, ಬೇಡ ಎಂಬ ಬುದ್ಧಿಮಾತು ಮಾತ್ರ ಆಡಕೂಡದು.

ಬಿಡುವಿನ ಹೊತ್ತಿನಲ್ಲಿ ಅಲ್ಲಿನ ಟೀವಿಯಲ್ಲಿ ಕಂಪನಿ ಮಾಲೀಕರ ಭಾಷಣ ಬರುತ್ತಿತ್ತು. ಉಳಿದವರು ಅಂಕಿಗಳನ್ನು ಕೇಳಿಸಿಕೊಂಡರೆ ಅವಳು ಹೊಗಳಿಕೆ ಕೇಳಿಸಿಕೊಂಡಳು. ಕಿವಿ ನೆಟ್ಟಗಾಯಿತು. ಅದೇ ರಾಜರು, ಕೋಟು ತೊಟ್ಟಿದ್ದರು ಅಷ್ಟೆ! ಅವಳು ಬೀಳುತ್ತದೆ ಅಂದ ಕಂಪನಿಗಳು ಒಂದರ ಹಿಂದೊಂದು ಬಿದ್ದಾಗ, ಅವಳಿಗೆ 'ಶಾಸನ' ಎಂದು ಅಡ್ಡಹೆಸರಿಟ್ಟು ಗೇಲಿ ಮಾಡಿದ್ದ ದಲ್ಲಾಳಿ ತಾನೇ ಮುಂದೆ ನಿಂತು ಅವಳಿಗೊಂದು ಖಾತೆ ತೆರೆದುಕೊಟ್ಟ. ಅವಳ ವ್ಯಾಪಾರ ಒಂದೇ ಬಗೆಯದು: ಕೈಯಲ್ಲಿಲ್ಲದ ಶೇರನ್ನು ಇವತ್ತಿನ ಬೆಲೆಗೆ ಮಾರುವುದು, ಬೆಲೆ ಬಿದ್ದಮೇಲೆ ಅಗ್ಗಕ್ಕೆ ಕೊಂಡು ತುಂಬಿಕೊಡುವುದು. ಬೀಳದಿದ್ದರೆ ಅವಳ ಕಥೆ ಮುಗಿಯಿತು, ಬಿದ್ದರೆ ಉಳಿದವರದು.

ಭಾವ ನೀರೆತ್ತುವ ಪಂಪು ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ನಿವೃತ್ತಿಗೆಂದು ಕೂಡಿಟ್ಟದ್ದನ್ನೆಲ್ಲ ಅದೇ ಕಾರ್ಖಾನೆಯ ಶೇರಿಗೆ ಸುರಿದಿದ್ದ. ಆ ವರ್ಷ ಶೇರುದಾರರ ಸಭೆಗೆ ನಾದಿನಿಯನ್ನೂ ಕರೆದುಕೊಂಡು ಹೋದ, ಬದುಕಿರುವ ರಾಜನನ್ನು ತೋರಿಸುತ್ತೇನೆಂದು. ಮಾಲೀಕ ವ್ಯಾಪಾರದ ಮಾತನ್ನು ಎರಡೇ ವಾಕ್ಯದಲ್ಲಿ ಮುಗಿಸಿದ. ಆಮೇಲೆ ಬೆವರು, ನಂಬಿಕೆ, ಒಂದೇ ಕುಟುಂಬ ಎಂದೆಲ್ಲ ಹೇಳಿ, ಹಳೆಯ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಎಬ್ಬಿಸಿ ನಿಲ್ಲಿಸಿ ಕಣ್ಣೊರೆಸಿಕೊಂಡ. ಭಾವನೂ ಎದ್ದು ನಿಂತ. ಅಂಗಿಯ ಕಾಲರು ಸರಿಮಾಡಿಕೊಂಡ. ಪಕ್ಕದಲ್ಲಿ ಕೂತವಳು ಶಾಸನದ ಸಾಲು ಎಣಿಸುವಂತೆ ಎದ್ದು ನಿಂತವರನ್ನು ಎಣಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕೇಳಿದ, "ಏನಮ್ಮಾ, ನಿನ್ನ ರಾಜರಲ್ಲಿ ಒಬ್ಬನಾದ್ರೂ ಮೇಸ್ತ್ರೀನ ಹೀಗೆ ಹೆಸರು ಹಿಡಿದು ಕರೆದಿದ್ನಾ?"

"ಕರೆದಿದ್ರು ಭಾವ."

"ಹೌದಾ? ಯಾವಾಗ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಭಾವನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಅವನಿಗೆ ಹೇಳಿದರೆ ಬೆಳಗಾಗುವಷ್ಟರಲ್ಲಿ ಕಾರ್ಖಾನೆಗೆ ಕಾರ್ಖಾನೆಯೇ ಮಾರಲು ಸಾಲುಗಟ್ಟುತ್ತದೆ, ಇವಳು ಮಾರುವ ಮೊದಲೇ ಬೆಲೆ ನೆಲ ಕಚ್ಚುತ್ತದೆ.

"ಆಮೇಲೆ ಹೇಳ್ತೀನಿ" ಅಂದಳು. ಮೊದಲು ತಾನು ಮಾರಿ, ಆಮೇಲೆ ಹೇಳುವುದೆಂದೇ ಅವಳ ಲೆಕ್ಕ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ.

ಮರುದಿನ ಮಾರಿದಳು. ಅದರ ಮರುದಿನವೂ. ಹೇಳುವುದನ್ನು ಊಟದ ಹೊತ್ತಿಗೆ ಮುಂದೂಡಿದಳು, ಭಾನುವಾರಕ್ಕೆ ಮುಂದೂಡಿದಳು. ಭಾನುವಾರ ಮನೆಗೆ ನೆಂಟರು ಬಂದಿದ್ದರು, ಸತ್ತ ರಾಜರ ಹಾಸ್ಯ ಮತ್ತೊಮ್ಮೆ ಆಯಿತು. ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು.

ಸೋಮವಾರ ಕಚೇರಿಯ ಫೋನಿಗೆ ಭಾವನೇ ಬಂದ. ಅವನ ಶೇರಿನ ಖಾತೆಯೂ ಅಲ್ಲೇ ಇತ್ತು. "ನಮ್ಮ ಶೇರು ಸ್ವಲ್ಪ ಇಳಿದಿದೆಯಂತಲ್ಲ. ಸೊಸೈಟಿಯಿಂದ ಸಾಲ ಎತ್ತಿದೀನಿ, ಅಕ್ಕನಿಗೆ ಹೇಳ್ಬೇಡ. ಅಷ್ಟಕ್ಕೂ ತಗೊಂಡ್ಬಿಡೋಣ ಅಂತ." ಆಮೇಲೆ ಜೀವಮಾನದಲ್ಲಿ ಕೇಳದಿದ್ದ ದನಿಯಲ್ಲಿ ಕೇಳಿದ, "ನೀನೇನಂತೀಯಾ? ತಗೊಳ್ಳಲಾ?"

ಅವಳ ಮೊಬೈಲು ಮೇಜಿನ ಮೇಲೆ ಅಂಗೈಯ ಪಕ್ಕದಲ್ಲೇ ಬಿದ್ದಿತ್ತು. ಹೊರಗೆ ಮೆಟ್ಟಿಲಿಗೆ ಹೋಗಿ ಅದರಿಂದ ಒಂದು ಮಾತು ಹೇಳಿದ್ದರೆ ಯಾವ ರೆಕಾರ್ಡೂ ಇಲ್ಲ, ಯಾರ ಹಂಗೂ ಇಲ್ಲ.

"ನಾವು ಸಲಹೆ ಕೊಡೋ ಹಾಗಿಲ್ಲ ಭಾವ" ಅಂದಳು. "ಫೋನ್ ರೆಕಾರ್ಡ್ ಆಗುತ್ತೆ."

"ಅಯ್ಯೋ, ನಿಂದೊಂದು ರೂಲ್ಸು! ಹಾಕು, ಹಾಕು."

ಯಾವ ಶೇರು, ಎಷ್ಟು, ಯಾವ ಬೆಲೆ, ಎಲ್ಲವನ್ನೂ ಬಿಡಿಸಿ ಹೇಳಿದಳು. "ಸರೀನಾ?"

"ಸರಿ ಕಣಮ್ಮಾ."

ಗುಂಡಿ ಒತ್ತಿದಳು. ಅವನು ಕೊಂಡದ್ದಕ್ಕೋ ಏನೋ, ಬೆಲೆ ಕೂದಲೆಳೆಯಷ್ಟು ಏರಿತು. ಆ ಏರಿದ ಬೆಲೆಗೆ ಅವಳು ಇನ್ನಷ್ಟು ಮಾರಿದಳು.

ತಿಂಗಳು ಕಳೆಯುವಷ್ಟರಲ್ಲಿ ಬ್ಯಾಂಕಿನವರು ಕಾರ್ಖಾನೆಯ ಗೇಟಿಗೆ ಬೀಗ ಜಡಿದರು. ಮಾಲೀಕ ಎದೆನೋವೆಂದು ಆಸ್ಪತ್ರೆ ಸೇರಿದ, ಅಲ್ಲಿಂದ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಾಗಲಿಲ್ಲ. ಶೇರಿನ ಕಾಗದ ಪೊಟ್ಟಣ ಕಟ್ಟಲೂ ಬರುವಂತಿರಲಿಲ್ಲ, ಏಕೆಂದರೆ ಈಗ ಶೇರೆಲ್ಲ ಕಂಪ್ಯೂಟರಿನಲ್ಲೇ, ಕಾಗದವೂ ಇಲ್ಲ. ಭಾವ ಡ್ಯೂಟಿಯ ಅಂಗಿ ತೊಟ್ಟುಕೊಂಡು ದಿನವಿಡೀ ಜಗಲಿಯಲ್ಲಿ ಕೂರತೊಡಗಿದ. ಹಾಸ್ಯ ಮಾಡುವುದನ್ನು ಬಿಟ್ಟ. ಸೊಸೈಟಿಯವರು ಬಾಗಿಲಿಗೆ ಬಂದ ದಿನ ಮನೆಯೊಳಗೆ ಹೋಗಿ ಚಿಕ್ಕ ಮಗುವಿನ ಹಾಗೆ ಅತ್ತ.

ಅವಳು ಗೆದ್ದದ್ದರಲ್ಲಿ ಮೂರರಲ್ಲಿ ಒಂದು ಪಾಲು ತಂದು ಅವನ ಮುಂದಿಟ್ಟಳು. ಎಲ್ಲವನ್ನೂ ಕೊಡಬೇಕೆಂದೇ ಹೊರಟಿದ್ದಳು. ದಾರಿಯಲ್ಲಿ ಅರ್ಧವಾಯಿತು, ಮೆಟ್ಟಿಲು ಹತ್ತುವಾಗ ಇನ್ನೂ ಇಳಿಯಿತು. ಭಾವ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡ. "ಹೆತ್ತ ಮಗಳೂ ಹೀಗೆ ಮಾಡ್ತಿರ್ಲಿಲ್ಲ" ಅಂದ. ಅವನ ಬಾಯಿಂದ ಆ ಮಾತು ಕೇಳಲು ಅವಳು ಬಾಲ್ಯದಿಂದ ಕಾದಿದ್ದಳು. ಕೇಳಿ ಹಿತವಾಯಿತು, ನಾಚಿಕೆಯೇನೂ ಆಗಲಿಲ್ಲ.

ಅಕ್ಕ ಮಾತ್ರ ಅಡುಗೆಮನೆಯಲ್ಲಿ ಅವಳಿಗೆ ಬಡಿಸುತ್ತಾ ಸೌಟು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. "ಒಂದ್ ಮಾತು ಕೇಳ್ಲಾ? ನಿಂಗೆ ಇದು ಮೊದ್ಲೇ ಗೊತ್ತಿತ್ತಾ?"

"ನಾನು ಓದಿರೋದು ಆಗಿಹೋದದ್ದನ್ನ, ಅಕ್ಕ. ಮುಂದಾಗೋದು ನಂಗೇನ್ ಗೊತ್ತು?"

"ಅದೂ ನಿಜವೇ ಬಿಡು" ಅಂದಳು ಅಕ್ಕ. ಕೇಳಬಾರದ್ದನ್ನು ಕೇಳಿಬಿಟ್ಟೆನೆಂದು ಅವಳ ಮುಖ ಚಿಕ್ಕದಾಯಿತು. ಗಂಡನಿಗೆಂದು ಪಾತ್ರೆಯ ತಳದಲ್ಲಿ ಉಳಿಸಿದ್ದನ್ನೂ ಬಳಿದು ತಂಗಿಗೆ ಬಡಿಸಿದಳು. ತಂಗಿ ಬೇಡವೆನ್ನದೆ ಉಂಡಳು.