ಗಡಿಯಾರದ ಕಡೆಯ ಗೋಲು

ಹುಲ್ಲಪ್ಪನ ಪರಿಚಯ ಆಕೆಗೆ ಆದದ್ದೇ ಬೈಗುಳದಿಂದ. ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುವ ಕೆಲಸಕ್ಕೆ ಆಕೆ ಸೇರಿದ ಮೊದಲ ದಿನ ಅದು. ಕ್ಲಬ್ಬಿನ ಬಸ್ಸು ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ, ಪಾಪ ಎಂದು ಕರೆದು ಕೊಟ್ಟ ಕೆಲಸ. ಒಗೆತದ ಕೋಣೆ ಜನ ಕೂತು ಆಟ ನೋಡುವ ಮೆಟ್ಟಿಲುಗಳ ಅಡಿಯಲ್ಲಿತ್ತು. ಒಣಗಿಸುವ ಯಂತ್ರ ಆವತ್ತೇ ಕೆಟ್ಟು ಕೂತಿತ್ತು. ಆಕೆ ಹಿಂಡಿದ ಅಂಗಿಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತಂದು, ಮೈದಾನದ ಅಂಚಿನ ಕಂಬಿಯ ಮೇಲೆ ಸಾಲಾಗಿ ಹರವಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

ಮೈದಾನದ ನಡುವಿನಿಂದ ಒಬ್ಬ ಗಿಡ್ಡ ಮನುಷ್ಯ ಹೊರಟ, ನೇರವಾಗಿ ಬರಲಿಲ್ಲ. ಹುಲ್ಲು ತುಳಿಯದಂತೆ ಬಿಳಿ ಗೆರೆ ಹಿಡಿದು ಸುತ್ತು ಹಾಕಿಕೊಂಡು ಬಂದ. ಅಷ್ಟು ಹೊತ್ತೂ ಸಿಟ್ಟನ್ನು ಆರದಂತೆ ಕಾಪಾಡಿಕೊಂಡು ಬಂದಿದ್ದ.

"ಯಾರಮ್ಮಾ ಇದನ್ನ ಇಲ್ಲಿ ಹಾಕಿದ್ದು?"

"ನಾನೇ. ಒಣಗಲಿ ಅಂತ."

"ಬಟ್ಟೆ ಒಣಗತ್ತೆ. ಸೋಪಿನ ನೀರು ತೊಟ್ಟಿಕ್ಕಿ ನನ್ನ ಹುಲ್ಲೂ ಒಣಗತ್ತೆ. ನಿಮ್ಮ ತಲೆ ಮೇಲೆ ದಿನಾ ಸೋಪಿನ ನೀರು ಸುರಿದ್ರೆ ಕೂದಲು ಉಳಿಯತ್ತಾ?"

ಆಕೆ ಅವನ ತಲೆ ನೋಡಿದಳು. ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗಿತ್ತು.

"ನಿಮ್ಮ ತಲೆ ಮೇಲೆ ಯಾರು ಸುರಿದ್ರೋ," ಎಂದಳು.

ಅವನು ಬೋಳು ತಲೆ ಸವರಿಕೊಂಡ. ಆಮೇಲೆ ನಕ್ಕ. ಸಂಜೆಯೊಳಗೆ ಮೆಟ್ಟಿಲುಗಳ ಹಿಂದಿನ ಖಾಲಿ ಜಾಗದಲ್ಲಿ ಎರಡು ಕಂಬ ನೆಟ್ಟು, ಆಕೆಗೆಂದೇ ಹಗ್ಗ ಕಟ್ಟಿಕೊಟ್ಟ. ಅಂದಿನಿಂದ ಆಕೆ ಅವನಿಗೆ ಅಕ್ಕ.

ಹುಲ್ಲಪ್ಪ ಎಂಬುದು ಮನೆಯವರಿಟ್ಟ ಹೆಸರಲ್ಲ, ಆಟಗಾರರಿಟ್ಟದ್ದು. ಮೈದಾನದ ಹುಲ್ಲು ನೋಡಿಕೊಳ್ಳುವುದು ಅವನ ಕೆಲಸ. ಅವನಪ್ಪನದೂ ಅದೇ ಆಗಿತ್ತು. ಬೀಜ ಹಾಕುವುದು, ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ನೀರು ಬಿಡುವುದು. ಇಷ್ಟೆಲ್ಲ ಮಾಡಿದವನು ಆಟ ಮಾತ್ರ ನೋಡುತ್ತಿರಲಿಲ್ಲ. ತನ್ನ ಮಕ್ಕಳನ್ನು ತುಳಿಯುವುದನ್ನು ಯಾರಾದರೂ ನಿಂತು ನೋಡುತ್ತಾರೆಯೇ ಎನ್ನುತ್ತಿದ್ದ. ಆಟದ ಹೊತ್ತಿಗೆ ಪಂಪಿನ ಕೋಣೆಯೊಳಗೆ ಸ್ಟೂಲಿನ ಮೇಲೆ ಕೂತು, ಜನರ ಕೂಗಿನಿಂದಲೇ ಗೆದ್ದೆವೋ ಸೋತೆವೋ ತಿಳಿದುಕೊಳ್ಳುತ್ತಿದ್ದ.

ಅವನು ಆಟ ನೋಡುತ್ತಿದ್ದದ್ದು ಮರುದಿನ, ಕೊಳೆಬಟ್ಟೆಯಲ್ಲಿ. ಬೆಳಿಗ್ಗೆ ಆಕೆ ಬಟ್ಟೆ ನೆನೆಹಾಕುವ ಮೊದಲು ಬಂದು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಒಂದೊಂದೇ ಅಂಗಿ, ಒಂದೊಂದೇ ಚಡ್ಡಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಕರಿ ಕೆಸರು ಹತ್ತಿದ್ದರೆ ಎಲ್ಲೋ ಹುಲ್ಲು ಬೇರುಸಮೇತ ಕಿತ್ತುಬಂದಿದೆ ಎಂದು ಲೆಕ್ಕ. ಹಸಿರು ಭುಜದ ಮೇಲೆ ದುಂಡಗೆ ಕೂತಿದ್ದರೆ ಹಾರಿ ಬಿದ್ದದ್ದು. ಸೊಂಟದಿಂದ ಮೊಣಕಾಲಿನವರೆಗೆ ಉದ್ದಕ್ಕೆ ಎಳೆದಿದ್ದರೆ ಜಾರಿದ್ದು, ನೀರು ಹೆಚ್ಚಾಗಿದೆ. ನೋಡಿ ಮುಗಿಸಿ, ಎಲ್ಲಿಗೆ ಮರಳು, ಎಲ್ಲಿಗೆ ಬೀಜ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಎದ್ದುಹೋಗುವನು. ಅವನ ಹೆಂಡತಿ ಅದೇ ಮೈದಾನದ ಚಹಾದ ಕಟ್ಟೆ ನಡೆಸುತ್ತಿದ್ದಳು. "ಡಾಕ್ಟರು ನಾಲಿಗೆ ನೋಡ್ತಾರೆ, ನನ್ನ ಗಂಡ ಚಡ್ಡಿ ನೋಡ್ತಾನೆ," ಎಂದು ಬಂದವರಿಗೆಲ್ಲ ಹೇಳಿ ನಗಿಸುವಳು.

ಹುಲ್ಲಪ್ಪ ಹೋಗುವಾಗ ಆಕೆಯನ್ನು ಕೇಳುವ ಪ್ರಶ್ನೆ ಒಂದೇ: ಹೋದ ಸಲದ ಕಲೆ ಹೋಯಿತೇ? ಹೋಗಿದ್ದರೆ ಹೋಗಿದೆ ಎನ್ನುತ್ತಿದ್ದಳು, ಹೋಗದಿದ್ದರೆ ಇಲ್ಲ. ಕಲೆ ಹೋಗದ ಬಟ್ಟೆಯನ್ನು ಇನ್ನೊಂದರ ಕೆಳಗೆ ಮಡಿಸಿ ಕೊಡುವ ಜಾಣತನ ಆಕೆಗೆ ಬರಲಿಲ್ಲ. ಹುಲ್ಲಿನ ಕಲೆ ಹಟಮಾರಿ. ಬಿಸಿನೀರು ತಾಗಿತೋ ಬಟ್ಟೆಯೊಳಗೇ ಮನೆ ಮಾಡುತ್ತದೆ. ತಣ್ಣೀರು, ವಿನೆಗರ್, ಮೆತ್ತಗಿನ ಬ್ರಷ್ಷು, ಮತ್ತೆ ತಾಳ್ಮೆ.

ಆ ಕ್ಲಬ್ಬು ಮೇಲಿನ ಲೀಗಿನಲ್ಲಿ ಆಡುತ್ತಿತ್ತು. ವರ್ಷದ ಕೊನೆಗೆ ಪಟ್ಟಿಯ ತಳದಲ್ಲಿ ಉಳಿದವರು ಕೆಳಗಿನ ಲೀಗಿಗೆ ಇಳಿಯಬೇಕು. ಆ ವರ್ಷ ಸೋತದ್ದೇ ಹೆಚ್ಚು. ಆದರೂ ಕೊನೆಯ ಆಟಕ್ಕೆ ಬರುವಾಗ ಒಂದು ಎಳೆ ಉಳಿದಿತ್ತು. ಗೆಲ್ಲಲೇಬೇಕೆಂದಿಲ್ಲ, ಸೋಲದಿದ್ದರೆ ಸಾಕು.

ತಮ್ಮದೇ ಮೈದಾನದಲ್ಲಿ ಆಡುವಾಗ ಇವರದೊಂದು ರೂಢಿ. ಆಟದ ಎರಡನೆಯ ಅರ್ಧದಲ್ಲಿ ಇವರು ಗೋಲು ಹೊಡೆಯುವುದು ದೊಡ್ಡ ಗಡಿಯಾರವಿದ್ದ ಕಡೆಗೆ. ಹಾಗಾಗಿ ಅರ್ಧ ಮುಗಿದು ಆಟಗಾರರು ಒಳಗೆ ಹೋದಾಗ ಹುಲ್ಲಪ್ಪ ಎಲ್ಲ ಕಡೆ ನೀರು ಚಿಮುಕಿಸಿ, ಗಡಿಯಾರದ ಕಡೆ ಇನ್ನಷ್ಟು ಬಿಡುತ್ತಿದ್ದ. ಒದ್ದೆ ಹುಲ್ಲಿನ ಮೇಲೆ ಚೆಂಡು ಸರ್ರನೆ ಓಡುತ್ತದೆ. ಎದುರಿನ ಗೋಲ್‌ಕೀಪರ್‌ಗೆ ಕಾಲೂರುವುದು ಕಷ್ಟ. ಯಾವುದೋ ಕಾಲದ ಕೋಚ್ ಹೇಳಿದ್ದನ್ನು ಅವನಪ್ಪ ಮಾಡುತ್ತಿದ್ದ, ಇವನೂ ಮಾಡುತ್ತಿದ್ದ.

ಆ ಕೊನೆಯ ಆಟದ ದಿನ ನಾಣ್ಯ ಚಿಮ್ಮಿದಾಗ ಎದುರಿನವರು ಗೆದ್ದರು, ಬೇಕೆಂದೇ ದಿಕ್ಕು ಬದಲಿಸಿದರು; ಎರಡನೆಯ ಅರ್ಧಕ್ಕೆ ಗಡಿಯಾರದ ಕಡೆಯ ಗೋಲು ಕಾಯುವುದು ಇವರ ಪಾಲಿಗೆ ಬಂತು. ಹುಲ್ಲಪ್ಪ ಆಗಲೇ ಪಂಪಿನ ಕೋಣೆ ಸೇರಿಕೊಂಡಿದ್ದ. ಅವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅರ್ಧದ ಬಿಡುವಿನಲ್ಲಿ ಹೊರಬಂದು ನೋಡಿದರೆ ಎಂದಿನ ಖಾಲಿ ಮೈದಾನ. ಎಂದಿನ ಹಾಗೆ ಗಡಿಯಾರದ ಕಡೆಗೆ ಚೆನ್ನಾಗಿ ನೀರುಣಿಸಿ ಒಳಗೆ ಹೋದ.

ಒಗೆತದ ಕೋಣೆಯ ಬಾಗಿಲಿಂದ ಕಾಣುವುದು ಆ ಒಂದು ಗೋಲು ಮಾತ್ರ. ಆಟ ಮತ್ತೆ ಶುರುವಾದಾಗ ಅಲ್ಲಿ ಹಳದಿ ಬಟ್ಟೆಯ ತಮ್ಮ ಗೋಲ್‌ಕೀಪರೇ ಬಂದು ನಿಂತದ್ದನ್ನು ಆಕೆ ಕಂಡಳು. ಇವನೇಕೆ ಈ ಕಡೆ ಎಂದುಕೊಂಡು ಕಾಲುಚೀಲ ಜೋಡಿಸಲು ಬಾಗಿದಳು. ಆಟ ಮುಗಿಯುತ್ತ ಬಂದಾಗ ತಲೆ ಎತ್ತಿದಳು. ಚೆಂಡೊಂದು ಸುಮ್ಮನೆ ಉರುಳಿಕೊಂಡು ಬರುತ್ತಿತ್ತು, ಯಾರಾದರೂ ಹಿಡಿಯುವಂಥದ್ದು. ಅವನು ಹಿಡಿಯಲು ಪಕ್ಕಕ್ಕೆ ಹೆಜ್ಜೆ ಇಟ್ಟ. ಒದ್ದೆ ಹುಲ್ಲಿನಲ್ಲಿ ಕಾಲು ಅವನದಾಗಿ ಉಳಿಯಲಿಲ್ಲ. ಚೆಂಡು ಅವನ ಬೆರಳಿನಾಚೆ ಉರುಳಿ ಒಳಗೆ ಹೋಯಿತು. ಆ ಒಂದು ಗೋಲಿಗೆ ಸೋತು ಕ್ಲಬ್ಬು ಕೆಳಗಿನ ಲೀಗಿಗೆ ಇಳಿಯಿತು.

ಮರುದಿನ ಬೆಳಿಗ್ಗೆ ಆಕೆ ಬಕೆಟ್ಟು ಬೋರಲು ಹಾಕಿಟ್ಟು ಕಾದಳು. ಹುಲ್ಲಪ್ಪ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಜ್ವರವಿದ್ದಾಗಲೂ ತಪ್ಪಿಸದವನು. ಕಾದು ಕಾದು ಆಕೆಯೇ ಹಳದಿ ಚಡ್ಡಿಯನ್ನು ಬೆಳಕಿಗೆ ಹಿಡಿದಳು. ಸೊಂಟದಿಂದ ಮೊಣಕಾಲಿನವರೆಗೆ ಒಂದೇ ಉದ್ದನೆಯ ಹಸಿರು ಪಟ್ಟೆ.

ಆಕೆ ತಣ್ಣೀರಿಗೆ ಹಾಕಿದಳು. ವಿನೆಗರ್ ಹಾಕಿದಳು, ಉಜ್ಜಿದಳು, ಒಣಗಿಸಿದಳು, ಮತ್ತೆ ನೆನೆಹಾಕಿದಳು. ಪಟ್ಟೆ ತಿಳಿಯಾಯಿತು, ಹೋಗಲಿಲ್ಲ. ಗೋಲ್‌ಕೀಪರನ್ನು ಊರವರು ಬೀದಿಯಲ್ಲಿ ಕಂಡಲ್ಲಿ ಬೈದರು, ಕ್ಲಬ್ಬು ಸಿಕ್ಕ ಬೆಲೆಗೆ ಮಾರಿತು. ತೊಡುವವರಿಲ್ಲದ ಚಡ್ಡಿಯನ್ನು ಆಕೆ ಮೇಲಿನ ಹಲಗೆಯ ಮೂಲೆಯಲ್ಲಿಟ್ಟಳು.

ಕೆಳಗೆ ಇಳಿದದ್ದು ಎಂದರೇನು ಎಂಬುದು ಮೊದಮೊದಲು ಯಾರಿಗೂ ಗೊತ್ತಾಗಲಿಲ್ಲ. ಆಟ ಅದೇ, ಚೆಂಡು ಅದೇ. ಆಮೇಲೆ ಒಂದೊಂದೇ ದೀಪ ಆರತೊಡಗಿತು. ನಿಜವಾಗಿ ದೀಪವೇ: ಬಿಸಿಲು ಬೀಳದ ಕಡೆ ಹುಲ್ಲು ಬೆಳೆಯಲೆಂದು ಹಚ್ಚುತ್ತಿದ್ದ ದೊಡ್ಡ ದೀಪಗಳನ್ನು ಕರೆಂಟಿನ ಖರ್ಚೆಂದು ಬಿಚ್ಚಿ ಮಾರಿದರು. ಅಂಗಿಯ ಎದೆಯ ಮೇಲೆ ಹೆಸರು ಹಾಕಿಸಿಕೊಂಡಿದ್ದ ಕಂಪನಿ ಬಿಟ್ಟುಹೋಯಿತು. ಹೊಸ ಅಂಗಿಗೆ ದುಡ್ಡಿಲ್ಲ; ಹಳೆಯದರ ಮೇಲಿನ ಅಕ್ಷರಗಳನ್ನು ಆಕೆ ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿಸಿ ತಾಗಿಸಿ ಕಿತ್ತಳು.

ಒಗೆಯುವ ಮೂರು ಯಂತ್ರಗಳಲ್ಲಿ ಎರಡನ್ನು ಒಯ್ಯಲು ಲೆಕ್ಕಪತ್ರದವನು ಆಳುಗಳೊಂದಿಗೆ ಬಂದ. ಒಳ್ಳೆಯವನೇ; ತಲೆ ತಗ್ಗಿಸಿಕೊಂಡು ಬಂದ. ಒಂದು ಸೋಲಿಗೆ ಇಷ್ಟೆಲ್ಲವೇ ಎಂದು ಆಕೆ ಕೇಳಿದಳು. ಅವನು ಯಂತ್ರಕ್ಕೆ ಒರಗಿ ನಿಂತು ಬಿಡಿಸಿ ಹೇಳಿದ. ಟೀವಿಯವರು ಕೊಡುತ್ತಿದ್ದ ಹಣ ಹತ್ತು ಭಾಗದಲ್ಲಿ ಒಂದು ಭಾಗವಾಯಿತು. ಕೆಳಗಿಳಿದರೆ ಸಂಬಳ ಅರ್ಧ ಎಂದು ಹೆಚ್ಚಿನ ಆಟಗಾರರ ಕರಾರಿನಲ್ಲಿ ಬರೆದಿತ್ತು. ದೊಡ್ಡ ಹೆಸರಿನ ಮೂವರ ಕರಾರಿನಲ್ಲಿ ಬರೆದಿರಲಿಲ್ಲ. ಅವರಿಗೆ ಮೇಲಿನ ಲೀಗಿನ ಸಂಬಳ ಈಗಲೂ ಕೊಡಬೇಕು, ಆ ಸಂಬಳ ಕೊಟ್ಟು ಕೊಳ್ಳುವವರು ಎಲ್ಲೂ ಇಲ್ಲ. ಒಳ್ಳೆಯ ಆಟಗಾರರನ್ನು ಮಾರೋಣವೆಂದರೆ, ಮನೆ ಬಿದ್ದವನು ಬಾಗಿಲು ಮಾರಲು ಬಂದಿದ್ದಾನೆ ಎಂದು ಎಲ್ಲರೂ ಅರ್ಧ ಬೆಲೆಗೆ ಕೇಳುತ್ತಾರೆ.

"ಮತ್ತೆ ಮೇಲಕ್ಕೆ ಹೋದ್ರೆ ಸರಿಹೋಗತ್ತಲ್ಲಪ್ಪಾ?"

"ಹೋಗೋಕೆ ಒಳ್ಳೆ ಆಟಗಾರರು ಬೇಕು ಅಕ್ಕಾ. ಅವರನ್ನ ಇಟ್ಕೊಳ್ಳೋಕೆ ದುಡ್ಡು ಬೇಕು. ದುಡ್ಡು ಬರಬೇಕಂದ್ರೆ ಮೇಲಕ್ಕೆ ಹೋಗಬೇಕು."

ಅಷ್ಟು ಹೇಳಿ, ಯಂತ್ರದ ಪೈಪು ಕಳಚಲು ತಾನೇ ಕೈ ಹಚ್ಚಿದ.

ಮೂವರ ಸಂಬಳ ಕಡಿಯಲಾಗದೆ ಸಣ್ಣವರನ್ನು ಕಡಿದರು. ಬಾಗಿಲಲ್ಲಿ ಚೀಟಿ ಹರಿಯುವವರು, ಆಟಗಾರರ ಕಾಲು ತಿಕ್ಕುವವನು, ಕಡೆಗೆ ಚಹಾದ ಕಟ್ಟೆ. ಬರುವ ಜನವೇ ಅರ್ಧವಾದ ಮೇಲೆ ಕಟ್ಟೆ ಏಕೆ ಎಂದರು. ಕೊನೆಯ ದಿನ ಹುಲ್ಲಪ್ಪನ ಹೆಂಡತಿ ಲೋಟಗಳನ್ನು ತೊಳೆದು ಡಬ್ಬಕ್ಕೆ ತುಂಬುತ್ತಿದ್ದಾಗ, ಸಹಾಯಕ್ಕೆ ಬಂದ ಗಂಡನ ಕಡೆ ಕೈ ತೋರಿಸಿ ಆಕೆಗೆ ಹೇಳಿದಳು:

"ನೋಡಕ್ಕಾ, ಇಷ್ಟು ವರ್ಷ ಹುಲ್ಲಿಗೆ ನೀರು ಹಾಕಿದ. ಈಗ ಒಲೆಗೂ ಬಿತ್ತು."

ಅವಳಿಗೆ ಏನೂ ಗೊತ್ತಿರಲಿಲ್ಲ. ಎಂದಿನ ಹಾಗೆ ಗಂಡನನ್ನು ಚುಚ್ಚಿದ್ದಷ್ಟೇ. ಹುಲ್ಲಪ್ಪ ಕೈಯಲ್ಲಿದ್ದ ಲೋಟವನ್ನು ಡಬ್ಬದಲ್ಲಿಟ್ಟು, ಇನ್ನೊಂದನ್ನು ಎತ್ತದೆ, ಗೆರೆ ಹಿಡಿದು ಮೈದಾನದ ಆಚೆ ನಡೆದುಹೋದ.

ಕೊಳೆಬಟ್ಟೆ ನೋಡಲು ಅವನು ಮತ್ತೆ ಬರಲೇ ಇಲ್ಲ. ಎದುರು ಸಿಕ್ಕಿದರೆ ಹಗ್ಗ ಗಟ್ಟಿ ಇದೆಯೇ ಎಂದು ಕೇಳುವನು, ನಿಲ್ಲದೆ ಹೋಗುವನು. ವರ್ಷವಿಡೀ ಸೋತದ್ದಕ್ಕೆ ಒಂದು ದಿನವನ್ನು ದೂರಬಾರದು ಎಂದು ಆಕೆ ಒಮ್ಮೆ, ಯಾರನ್ನೋ ಕುರಿತು ಹೇಳುವವಳ ಹಾಗೆ, ಗಾಳಿಗೆ ಹೇಳಿದಳು. ಹೌದು ಹೌದು ಎಂದ. ಅಂಥ ಹೌದು ಯಾವುದಕ್ಕೂ ಒಪ್ಪಿಗೆಯಲ್ಲ.

ಬೀಜ ಕೊಳ್ಳುವುದನ್ನು ಕ್ಲಬ್ಬು ನಿಲ್ಲಿಸಿತು, ಪಂಪು ವಾರಕ್ಕೆ ಎರಡೇ ಸಲ. ಮೈದಾನ ಅಲ್ಲಲ್ಲಿ ಬೋಳಾಯಿತು. ಗಡಿಯಾರದ ಕಡೆಯ ಗೋಲಿನ ಮುಂದೆ ಮಾತ್ರ ಹುಲ್ಲು ದಟ್ಟವಾಗಿಯೇ ಇತ್ತು. ಹುಲ್ಲಪ್ಪ ತನ್ನ ಸಂಬಳದಲ್ಲೇ ಅರ್ಧ ಕೊಟ್ಟು ಬೀಜದ ಚೀಲ ತಂದು ಅಲ್ಲಿಗಷ್ಟೇ ಹಾಕುತ್ತಿದ್ದ. ನೀರನ್ನು ಹೂಜಿಯಲ್ಲಿ ಹೊತ್ತು ತಂದು, ಅಂಗೈಯಿಂದ, ಮಗುವಿನ ತಲೆಗೆ ಹಾಕುವಂತೆ ಹಾಕುತ್ತಿದ್ದ. ಹೆಂಡತಿ ಬೇರೆಯವರ ಮನೆ ಗುಡಿಸಲು ಹೋಗುತ್ತಿದ್ದಳು. ಬೀಜದ ಚೀಲ ಕಂಡಾಗ ಅವಳು ಏನೆಂದಳೋ, ಅಂದಿನಿಂದ ಅವಳು ಅವನ ಬಗ್ಗೆ ಹಾಸ್ಯ ಮಾಡಿದ್ದನ್ನು ಆಕೆ ಕೇಳಲಿಲ್ಲ.

ಮರುವರ್ಷವೂ ಕ್ಲಬ್ಬು ಮೇಲೇರಲಿಲ್ಲ. ಅಭ್ಯಾಸದ ಮೈದಾನವನ್ನು ಲಾರಿ ನಿಲ್ಲಿಸುವವರಿಗೆ ಮಾರಿದರು. ದೊಡ್ಡ ಮೈದಾನದ ಹುಲ್ಲನ್ನು ವಾರಕ್ಕೊಮ್ಮೆ ಯಂತ್ರ ತಂದು ಕತ್ತರಿಸಿ ಹೋಗುವ ಹೊರಗಿನವರಿಗೆ ವಹಿಸಿದರು. ಹುಲ್ಲಪ್ಪನಿಗೆ ಒಂದು ಶಾಲು ಹೊದಿಸಿ ಕಳಿಸಿದರು. ಗಂಡ ಹೆಂಡತಿ ದೂರದ ಊರಿನ ಮಗಳ ಮನೆಗೆ ಹೋಗುವುದೆಂದಾಯಿತು. ಆ ಊರಿನಿಂದ ಅವನು ತಿರುಗಿ ಬರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅವನು ಒಗೆತದ ಕೋಣೆಯ ಹಿಂದೆ ಬಂದ. ಮೊದಲು ಹಗ್ಗದ ಗಂಟು ಬಿಚ್ಚಿ, ಎಳೆದು, ಬಿಗಿಯಾಗಿ ಕಟ್ಟಿದ. ಕಂಬ ಅಲುಗಿಸಿ ನೋಡಿದ. ಆಮೇಲೆ ಒಳಗೆ ಬಂದು, ತಾನೇ ಬಕೆಟ್ಟು ಬೋರಲು ಹಾಕಿಕೊಂಡು ಕೂತ. ಹಿಂದಿನ ದಿನ ಆಟವಿತ್ತು. ಕೊಳೆಬಟ್ಟೆ ಎದುರಿಗೇ ರಾಶಿ ಬಿದ್ದಿತ್ತು. ಅವನು ಮುಟ್ಟಲಿಲ್ಲ.

ಚಹಾ ಕುಡಿಯುತ್ತೀಯಾ ಎಂದು ಆಕೆ ಕೇಳಿದಳು. ಬೇಡ, ಬಸ್ಸಿಗೆ ಹೊತ್ತಾಯಿತು ಎಂದ, ಏಳಲಿಲ್ಲ. ಪಂಪಿನ ಕೋಣೆಯ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ, ಉಳಿದ ಒಂದೇ ಯಂತ್ರ ತಿರುಗುವುದನ್ನು ನೋಡುತ್ತಿದ್ದ. ಅದು ನಿಲ್ಲುವವರೆಗೂ ಕಾದ. ಆಮೇಲೆ ಬೀಗದ ಕೈಯನ್ನು ಆಕೆಯ ಅಂಗೈಯಲ್ಲಿಟ್ಟ. ಕಣ್ಣು ಮೇಲಿನ ಹಲಗೆಯ ಕಡೆ ಹೋಗಲಿಲ್ಲ, ಅಲ್ಲೇನಿದೆ ಎಂದು ಅವನಿಗೆ ಗೊತ್ತಿರಲೂ ಇಲ್ಲ.

"ಅಕ್ಕಾ," ಎಂದ. "ಆವತ್ತಿನ ಹಳದಿ ಚಡ್ಡಿ ಮೇಲಿನ ಹಸಿರು... ಹೋಯ್ತಾ?"