ಸಿದ್ದಾರೂಢ ಹೆಣೆದ ಕೋಡು

ಖರಾಡಿಯ ಆ ಸಮೀಕ್ಷೆ ಕಂಪನಿಯಲ್ಲಿ ಸಿದ್ದಾರೂಢನಿಗಿದ್ದ ಮರ್ಯಾದೆ ಮಾಲೀಕನಿಗೂ ಇರಲಿಲ್ಲ. ಅಂಥ ಮರ್ಯಾದೆ ಶತ್ರುವಿಗೂ ಬೇಡ.

ಹೆಂಡತಿ ನೀತಾ ಇಂದಾಪುರದ ಶಾಲೆಯಲ್ಲಿ ಟೀಚರು. ಮಗಳೂ ಅಲ್ಲೇ. ಇವನು ಶನಿವಾರ ಎಸ್‌ಟಿ ಬಸ್ಸು ಹತ್ತಿ ಹೋಗಿ ಭಾನುವಾರ ಮರಳುವ ಗಂಡ. 2008ರಲ್ಲಿ ಇಂದಾಪುರದ ಕಾಲೇಜಿನಲ್ಲೇ ಸಂಖ್ಯಾಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಕಂಪನಿಯ ಬಿಡುಗಡೆ ಪತ್ರ ತಂದು ಜೂನಿನಲ್ಲಿ ಹಾಜರಾಗಬೇಕು. "ನೀವು ಬರೆದ ಕಂಪ್ಯೂಟರ್ ಕೋಡನ್ನು ಹೊಸ ಹುಡುಗಿ ಶ್ರದ್ಧಾಗೆ ಕಲಿಸಿಕೊಟ್ಟು ಹೊರಡಿ" ಎಂದರು ಮ್ಯಾನೇಜರ್ ಮೋಹನದಾಸ್.

ಕಂಪನಿ ವರ್ಷವರ್ಷವೂ ಅವೇ ಮನೆಗಳ ಖರ್ಚುವೆಚ್ಚ ಕೇಳಿ ಬರೆದುಕೊಳ್ಳುತ್ತಿತ್ತು. ಹಳ್ಳಿಯ ಗುರುತು ಅಕ್ಷರ, ಅಂಕಿ ಸೇರಿದ್ದು; ಮನೆಯದು ಬರೀ ಅಂಕಿ. ಎರಡನ್ನೂ ಜೋಡಿಸಿದರೆ ಆ ಮನೆಯ ಗುರುತು. ಸುಮ್ಮನೆ ಅಂಟಿಸಿದರೆ 'ಬಿ1' ಹಳ್ಳಿಯ ಇಪ್ಪತ್ತಮೂರನೇ ಮನೆ, 'ಬಿ12' ಹಳ್ಳಿಯ ಮೂರನೇ ಮನೆ ಎರಡೂ 'ಬಿ123' ಆಗಿಬಿಡುತ್ತವೆ. ನಡುವೆ ಒಂದು ಗೆರೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ 2002ರಲ್ಲಿ ಜನರನ್ನು ಕೆಲಸದಿಂದ ತೆಗೆಯುತ್ತಿದ್ದರು. ಹೆದರಿದ ಸಿದ್ದಾರೂಢ ಅಂಕಿಯನ್ನು ತಿರುಗಿಸಿ, ಅಕ್ಷರವನ್ನು ಕತ್ತರಿಸಿ, ತನಗೊಬ್ಬನಿಗೇ ತಿಳಿಯುವಂತೆ ಕೋಡು ಹೆಣೆದ. ವಿವರಣೆಯೆಂದು ಒಂದಕ್ಷರ ಬರೆಯಲಿಲ್ಲ. ಹೊಸ ಹಳ್ಳಿ ಸೇರಿದಾಗಲೆಲ್ಲ ಕೋಡು ಕೈಕೊಡುತ್ತಿತ್ತು, ಇವನೇ ಹೋಗಿ ತೇಪೆ ಹಚ್ಚಬೇಕಿತ್ತು. ಹಾಗಾಗಿ ಅವನನ್ನು ಯಾರೂ ತೆಗೆಯಲಿಲ್ಲ.

"ಸರ್, ಈ ಸಾಲು ಯಾಕೆ?" ಶ್ರದ್ಧಾ ಕೇಳಿದಳು.

ಸಿದ್ದಾರೂಢ ಆ ಸಾಲನ್ನು ಎರಡು ಸಲ ಓದಿದ. "ನೆನಪಾಗವಲ್ದವಾ" ಎಂದ.

"ತೆಗೆದು ನಡುವೆ ಗೆರೆ ಹಾಕಿಬಿಡೋಣ?"

"ಹಳೇ ವರ್ಷದ್ದೆಲ್ಲಾ ಹಿಂಗ ಜೋಡಿಸಿದ್ದಷ್ಟ ಉಳದದ. ಮೂಲ ಫಾರ್ಮು ರದ್ದಿಗೆ ಹೋದ್ವು. ಹೊಸಾದು ಅದಕ್ಕ ಹೊಂದಬೇಕಲ್ಲ."

ಆದರೂ ಆ ಸಾಲು ತೆಗೆದು ನೋಡಿದರು. ಅರ್ಧಕ್ಕರ್ಧ ಮನೆಗಳು ಹಳೆಯದರಲ್ಲಿ ಸಿಗಲೇ ಇಲ್ಲ. ಮರಳಿ ಹಾಕಿದರು, ಎಲ್ಲ ಸಿಕ್ಕವು. ಯಾಕೆಂದು ದೇವರೇ ಬಲ್ಲ. ಮೇ ಪೂರ್ತಿ ತಲೆ ಚಚ್ಚಿಕೊಂಡ ಮೇಲೆ ಶ್ರದ್ಧಾ ಕೈಮುಗಿದು ಎದ್ದುಹೋದಳು. ಸಿದ್ದಾರೂಢನಿಗೆ ತನ್ನ ಮೇಲೆಯೇ ಅಳು ಬರುವಷ್ಟು ಸಿಟ್ಟು ಬಂತು.

"ನೀವಿಲ್ಲದೆ ನಮ್ಮ ಕೈಕಾಲೇ ಆಡುವುದಿಲ್ಲ ಮಾರಾಯ್ರೆ" ಎಂದು ಮೋಹನದಾಸ್ ಬೆನ್ನು ತಟ್ಟಿದರು. "ಈ ವರ್ಷ ಬಿಡಲಿಕ್ಕೆ ಆಗುವುದಿಲ್ಲ." ಈ ಮಾತು ಕೇಳಬೇಕೆಂದೇ ಒಂದು ಕಾಲದಲ್ಲಿ ಅವನು ಅಷ್ಟೆಲ್ಲ ಪಾಡುಪಟ್ಟಿದ್ದ.

ಜೂನಿನಲ್ಲಿ ನೀತಾಳ ಫೋನು ಬಂತು. "ಕಾಲೇಜಿನವ್ರು ಬ್ಯಾರೆಯವ್ರನ್ನ ತಗೊಂಡ್ರಂತ. ಪಾಪ, ಕೂಸು ದಿನಾ ಕೇಳತದ. ಯಾರ್ರಿ ಅಲ್ಲೆ ನಿಮ್ಮನ್ನ ಹಿಡದು ಇಟ್ಟವ್ರು?"

ಮೋಹನದಾಸರ ಹೆಸರು ನಾಲಿಗೆಯ ತುದಿಯಲ್ಲಿತ್ತು. "ನಾನ, ನೀತಾ" ಎಂದ ಸಿದ್ದಾರೂಢ.

"ಇಂಥಾದ್ರಾಗೂ ಚ್ಯಾಷ್ಟಿ ಮಾಡತೀರಲ್ರಿ" ಎಂದು ಅವಳು ಫೋನಿಟ್ಟಳು.